ಅಡಿಕೆ ಹಾಳೆಯ ತಟ್ಟೆ ಮಾಡುವ ಯುನಿಟ್ ಮುಚ್ಚಬೇಕಾ, ಇನ್ನೂ ತಡೆದುಕೊಳ್ಳಬೇಕಾ? ನೀವೆಲ್ಲ ಕೆಟ್ಟ ವರ್ಷ ಹೇಗೆ ದಾಟಿದಿರಿ?

ಪೆರ್ಲದ ಹಾಳೆತಟ್ಟೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಆದರೂ ಓದಿ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವನು. ಬೆಂಗಳೂರಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ 2022ರ ಕೊನೆಗೆ ಊರಿಗೆ ಬಂದೆ. ಆ ವರ್ಷ ಜುಲೈ 1ರಿಂದ ದೇಶದಲ್ಲೆಲ್ಲ ಪ್ಲಾಸ್ಟಿಕ್ ತಟ್ಟೆ, ಲೋಟ ನಿಷೇಧ ಆಗಿತ್ತು, ಕೇರಳದಲ್ಲಿ 2020ರಿಂದಲೇ ಇತ್ತು. ನಮ್ಮ ತೋಟದಲ್ಲಿ ಹಾಳೆ ಬಿದ್ದು ಗೊಬ್ಬರ ಆಗುತ್ತಿತ್ತು. ಇದಕ್ಕಿಂತ ಒಳ್ಳೆಯ ಸಮಯ ಇನ್ನು ಬರಲಿಕ್ಕಿಲ್ಲ ಅನಿಸಿತು. ಬ್ಯಾಂಕಿನಿಂದ ಎಂಟೂವರೆ ಲಕ್ಷ ಸಾಲ, ನನ್ನ ಉಳಿತಾಯ, ಮೂರು ಪ್ರೆಸ್ ಮೆಷಿನ್, ಕೆಲಸಕ್ಕೆ ಊರಿನ ನಾಲ್ಕು ಜನ ಅಕ್ಕಂದಿರು. ತ್ರೀ ಫೇಸ್ ಕರೆಂಟ್ ಬರುವುದಕ್ಕೇ ಎಷ್ಟೋ ಸಲ ಓಡಾಡಿದೆ.

ಮೊದಲ ವರ್ಷ ಕಲಿಯುವುದರಲ್ಲೇ ಹೋಯಿತು. ಹಾಳೆ ಸರಿಯಾಗಿ ಒಣಗದೆ ಮಳೆಗಾಲದಲ್ಲಿ ಒಂದು ರೂಮಿನ ತುಂಬ ಬೂಷ್ಟು ಹಿಡಿಯಿತು. ಎರಡನೆಯ ವರ್ಷ ಪರವಾಗಿಲ್ಲ ಅನ್ನುವಾಗ ಎಕ್ಸ್‌ಪೋರ್ಟ್ ಮಾಡುವವರೊಬ್ಬರು ಸಿಕ್ಕಿದರು. ನಾವು ಮಾಡಿದ್ದರಲ್ಲಿ ಮುಕ್ಕಾಲು ಪಾಲು ಅವರಿಗೇ ಹೋಗುತ್ತಿತ್ತು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಯನ್ನು ತರಿಸಬಾರದು, ಮಾರಬಾರದು ಎಂದು ಹೇಳಿತಲ್ಲ, ಹಾಳೆಯಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕ ಊಟಕ್ಕೆ ಸೇರಬಹುದು ಅಂತ. ಒಂದೇ ಫೋನಿನಲ್ಲಿ ಆರ್ಡರ್ ನಿಂತಿತು. ಅರುವತ್ತು ಸಾವಿರ ತಟ್ಟೆ ಕಟ್ಟು ಕಟ್ಟಾಗಿ ಹಾಗೇ ಕೂತಿದೆ. ಇದರ ಜೊತೆಗೆ ಗಡಿಯ ಆಚೆ ಒಬ್ಬರು ಕೇಟರಿಂಗಿನವರಿಂದ 2.8 ಲಕ್ಷ ಬರಬೇಕು. ಏಳು ತಿಂಗಳಾಯಿತು, ಈಗ ಫೋನ್ ಕೂಡ ಎತ್ತುವುದಿಲ್ಲ.

ತಿಂಗಳ ಕಂತು 18,500. ಹೋದ ತಿಂಗಳು ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದೆ. ಅಪ್ಪನಿಗೆ ಇದು ಯಾವುದೂ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಮಳೆಗಾಲ ಅಂತ ಕೆಲಸ ಕಮ್ಮಿ, ಅಷ್ಟೇ. ರಾತ್ರಿ ಎರಡು ಗಂಟೆಗೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ. ತಾಳ್ಮೆ ಬೇಕು, ಧೈರ್ಯ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಆ ತಾಳ್ಮೆ ದಿನಾ ಬೆಳಿಗ್ಗೆ ಎದ್ದು ಎಂತ ಮಾಡುವುದರಲ್ಲಿ ಇದೆ ಅಂತ ಯಾರೂ ಹೇಳಲಿಲ್ಲ. ಸ್ವಂತ ಉದ್ಯೋಗ ಮಾಡಿದವರು ಹೇಳಿ.

ಮುಳ್ಳೇರಿಯ ಎಣ್ಣೆಮಿಲ್ಲು:

ನಿಮ್ಮದನ್ನು ಎರಡು ಸಲ ಓದಿದೆ ಮಾರಾಯ್ರೆ. ಆ ಎರಡು ಗಂಟೆಯ ಎಚ್ಚರ ನನಗೆ ಚೆನ್ನಾಗಿ ಗೊತ್ತು.

ನಾನು 2018ರಲ್ಲಿ ಸಣ್ಣ ತೆಂಗಿನೆಣ್ಣೆ ಮಿಲ್ಲು ಹಾಕಿದೆ. ನಮಗೆ ಪೇಟೆ ಅಂದರೆ ಸುಳ್ಯ, ಪುತ್ತೂರು. ಜಾಲ್ಸೂರು ಮುಟ್ಟುವಾಗಲೇ ಬೇರೆ ರಾಜ್ಯ, ಕರ್ನಾಟಕ. 40 ಲಕ್ಷದ ವ್ಯಾಪಾರದವರೆಗೆ ಜಿಎಸ್‌ಟಿ ಬೇಡ ಅಂತ ಯಾರೋ ಹೇಳಿದ್ದನ್ನು ನಂಬಿ ಕೂತಿದ್ದೆ. ಅದು ನಮ್ಮದೇ ರಾಜ್ಯದ ಒಳಗೆ ಮಾರುವವರಿಗೆ ಮಾತ್ರ. ತೆರಿಗೆ ಇರುವ ಸರಕು ಗಡಿ ದಾಟಿದರೆ ಮೊದಲ ಡಬ್ಬದಿಂದಲೇ ನೋಂದಣಿ ಬೇಕು. ಅದನ್ನು ಕಲಿಯುವಾಗ ದಂಡ ಕಟ್ಟಿ ಆಗಿತ್ತು. ಇಲ್ಲಿ ಹುಟ್ಟಿದವರಿಗೆ ಆಚೆಯದು ಬೇರೆ ಊರು ಅಂತ ಅನಿಸುವುದೇ ಇಲ್ಲ ಅಲ್ವಾ, ಕಾಗದದಲ್ಲಿ ಮಾತ್ರ ಅದು ಬೇರೆ.

ಅದೆಲ್ಲ ಸಣ್ಣದು. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಗಡಿಯ ಒಳರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನಿಮಗೆ ನೆನಪಿರಬಹುದು. ಮಂಗಳೂರಿನ ಆಸ್ಪತ್ರೆಗೆ ಹೋಗಲಿಕ್ಕಾಗದೆ ಜನ ಒದ್ದಾಡಿದ ದಿನಗಳು ಅವು, ನನ್ನ ಎಣ್ಣೆಯ ಕಥೆ ಅದರ ಮುಂದೆ ಏನೂ ಅಲ್ಲ. ಆದರೆ ಮಿಲ್ಲಿನಲ್ಲಿ ಕೊಬ್ಬರಿ ತುಂಬಿತ್ತು. ಮಳೆ ಹಿಡಿದ ಮೇಲೆ ಅದು ಕಂದು ಬಣ್ಣಕ್ಕೆ ತಿರುಗಿತು, ವಾಸನೆ ಬಂತು, ಕೊನೆಗೆ ಸೋಪಿನವರಿಗೆ ಸಿಕ್ಕಿದ ಬೆಲೆಗೆ ಕೊಟ್ಟೆ. ಆ ವರ್ಷ ಕಂತು ಮುಂದೂಡಲು ಆರು ತಿಂಗಳು ಬಿಟ್ಟಿದ್ದರಲ್ಲ, ನಾನೂ ತೆಗೆದುಕೊಂಡೆ. ಬಡ್ಡಿ ನಿಲ್ಲಲಿಲ್ಲ, ಅಸಲಿಗೆ ಸೇರಿ ಸಾಲ ಉದ್ದ ಆಯಿತು.

ನಾನು ಮಾಡಿದ ದೊಡ್ಡ ತಪ್ಪು ಕೊಬ್ಬರಿಯದ್ದಲ್ಲ. ಐದು ತಿಂಗಳು ಮನೆಯಲ್ಲಿ ಹೇಳದೆ ಇದ್ದದ್ದು. ಹೇಳದೆ ಇದ್ದರೆ ಮನೆಯ ಖರ್ಚು ಹಿಂದಿನ ಹಾಗೇ ನಡೆಯುತ್ತದೆ. ಮದುವೆ ಉಡುಗೊರೆ, ಮಕ್ಕಳ ಫೀಸು, ಎಲ್ಲ. ಅವರು ಬೇಕಂತ ಮಾಡುವುದಲ್ಲ, ಗೊತ್ತಿಲ್ಲದೆ ಮಾಡುವುದು. ಹೇಳಿದ ದಿನ ನನ್ನ ಹೆಂಡತಿ ಬೈಯಲಿಲ್ಲ. ಒಂದು ನೋಟ್‌ಬುಕ್ ತಂದು ಎದುರು ಕೂತಳು. ಕೈಯಲ್ಲಿ ನಗದು ಎಷ್ಟು, ತಿಂಗಳಿಗೆ ಹೊರಗೆ ಹೋಗುವುದು ಎಷ್ಟು, ಹಾಗಾದರೆ ಎಷ್ಟು ತಿಂಗಳು. ನಾಲ್ಕು ತಿಂಗಳು ಹತ್ತು ದಿನ ಅಂತ ಬಂತು. ಅದು ಕೆಟ್ಟ ಲೆಕ್ಕವೇ. ಆದರೂ ಆ ರಾತ್ರಿ ನಿದ್ದೆ ಬಂತು, ಯಾಕೆಂದರೆ ಅಷ್ಟು ದಿನ ನಾಳೆಯೇ ಮುಳುಗುತ್ತೇನೆ ಅಂತ ಅಂದುಕೊಂಡಿದ್ದೆ.

ಈ ಲೆಕ್ಕ ಇವತ್ತೇ ಮಾಡಿ. ಕೇಟರಿಂಗಿನವರು ಕೊಡಬೇಕಾದ 2.8 ಲಕ್ಷವನ್ನು ಅದರಲ್ಲಿ ಸೇರಿಸಬೇಡಿ, ಬಂದ ದಿನ ಸೇರಿಸಿದರಾಯಿತು. ಮತ್ತೆ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ. 90 ದಿನ ಬಾಕಿ ದಾಟಿದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಪಟ್ಟಿಗೆ ಹೋಗುತ್ತದೆ, ಆಮೇಲೆ ಮ್ಯಾನೇಜರಿಗೆ ಮನಸ್ಸಿದ್ದರೂ ಸಹಾಯ ಮಾಡುವುದು ಕಷ್ಟ. ಮೊದಲೇ ಹೋಗಿ ಆರ್ಡರ್ ನಿಂತ ಮೆಸೇಜು ತೋರಿಸಿ, ಅವಧಿ ಉದ್ದ ಮಾಡಿ ಕಂತು ಇಳಿಸಿ ಅಂತ ಕೇಳಬಹುದು. ನಾನು ಕೇಳಿದ್ದೇನೆ, ಕೊಟ್ಟಿದ್ದಾರೆ.

ಮಿಲ್ಲು ಈಗಲೂ ಉಂಟು. 2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ದಾಟಿತು, ಎಲ್ಲರೂ ನನಗೆ ಲಾಟರಿ ಹೊಡೆದ ಹಾಗೆ ಮಾತಾಡುತ್ತಾರೆ. ಕೊಬ್ಬರಿ ಕೊಳ್ಳಲು ದುಡ್ಡು ಸಾಲದೆ ವಾರಕ್ಕೆ ಮೂರು ದಿನ ಮಾತ್ರ ಓಡಿಸುತ್ತಿದ್ದೇನೆ. ನೋಟ್‌ಬುಕ್ ಇನ್ನೂ ಬರೆಯುತ್ತೇವೆ.

ಉಪ್ಪಳದಕ್ಕ:

ತಮ್ಮಾ, ಮೊದಲು ಆ 2.8 ಲಕ್ಷದ ವಿಷಯ. ನಿನ್ನ ಹತ್ತಿರ ಉದ್ಯಮ್ ನೋಂದಣಿ, ಸಣ್ಣ ಉದ್ಯಮಕ್ಕೆ ಸರ್ಕಾರ ಕೊಡುವಂಥದ್ದು, ಉಂಟಾ? ಮಾಲು ಕೊಡುವ ಮೊದಲೇ ಮಾಡಿಸಿದ್ದರೆ ದಾರಿ ಇದೆ. ಸಣ್ಣ ಉದ್ಯಮಗಳಿಗೆ ಇರುವ 2006ರ ಎಂಎಸ್‌ಎಂಇ ಕಾನೂನಿನಲ್ಲಿ ನಮ್ಮಂಥ ಸಣ್ಣವರಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಮಾತುಕತೆಯಲ್ಲಿ ದಿನ ಬರೆದುಕೊಳ್ಳದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಸರ್ಕಾರದ ಎಂಎಸ್‌ಎಂಇ ಆನ್‌ಲೈನ್ ಪೋರ್ಟಲಿನಲ್ಲಿ ಹಾಕುವುದು. ನಿನಗೆ ಒಳ್ಳೆಯದು ಯಾವುದೆಂದರೆ, ದೂರು ಕೇಳುವುದು ಮಾಲು ಕೊಟ್ಟವರ ಊರಿನ ಕಡೆಯ ಕೌನ್ಸಿಲ್, ಇಂಥ ಬಾಕಿಯ ಜಗಳ ತೀರಿಸುವ ಸರ್ಕಾರಿ ಮಂಡಳಿ. ಅವರು ಕರ್ನಾಟಕದಲ್ಲಿದ್ದರೂ ನೀನು ಅಲ್ಲಿಗೆ ಅಲೆಯಬೇಕಾಗಿಲ್ಲ.

ನನಗೂ ಹೀಗೇ ಬಾಕಿ ಇಟ್ಟವರಿಗೆ ದೂರು ಹಾಕುವ ಮೊದಲು ಒಂದು ಕಾಗದ ಕಳಿಸಿದೆ, ಬಿಲ್ ನಂಬರು, ತಾರೀಕು, ಬಡ್ಡಿಯ ಲೆಕ್ಕ, ಎಲ್ಲ ಹಾಕಿ. ಮತ್ತೆ 2024ರ ಏಪ್ರಿಲ್‌ನಿಂದ ಬಂದ ಆದಾಯ ತೆರಿಗೆಯ ನಿಯಮವನ್ನೂ ಬರೆದೆ. ನಮ್ಮ ಬಿಲ್ ಸಮಯಕ್ಕೆ ಕಟ್ಟದಿದ್ದರೆ ಆ ವರ್ಷ ಅದನ್ನು ಅವರು ಖರ್ಚು ಅಂತ ತೋರಿಸುವ ಹಾಗಿಲ್ಲ. ಅದನ್ನು ಓದಿ ಅವರ ಆಡಿಟರೇ ಫೋನ್ ಮಾಡಿದರು. ಪೂರ್ತಿ ಬರಲಿಲ್ಲ, ಮೂರು ಕಂತಿನಲ್ಲಿ ಬಂತು. ಅದಕ್ಕೆ ಮೊದಲು ಅಳುತ್ತಾ ಫೋನ್ ಮಾಡಿದ ಹನ್ನೊಂದು ತಿಂಗಳಲ್ಲಿ ಒಂದು ರೂಪಾಯಿ ಬಂದಿರಲಿಲ್ಲ.

ನಮ್ಮದು ಹಲಸಿನ ಹಪ್ಪಳ, ಉಪ್ಪಿನಕಾಯಿ. ಐದು ಜನ ಹೆಂಗಸರು. ನಿನ್ನ ಹಾಳೆಯ ಹಾಗೇ ನಮ್ಮದೂ ಋತುವಿನ ಕೆಲಸ. ಬೇಸಿಗೆಯಲ್ಲಿ ದುಡ್ಡೆಲ್ಲ ಹಲಸಿನ ಮೇಲೆ ಹೋಗುತ್ತದೆ, ವಾಪಸ್ ಬರುವುದು ಆಟಿ ಕಳೆದು ಸೋಣ ಬಂದ ಮೇಲೆ, ಅಂದರೆ ಆಗಸ್ಟ್ ಮಧ್ಯ ದಾಟಿದ ಮೇಲೆ. ನಡುವಿನ ಆ ಮೂರು ತಿಂಗಳಲ್ಲೇ ಎಲ್ಲರೂ ಸೋಲುವುದು. ಒಂದು ವರ್ಷ ನಾವು ಪೂರ್ತಿ ಮಾಲನ್ನು ಒಂದೇ ಅಂಗಡಿಗೆ ಕೊಟ್ಟು ಕಾದು ಕೂತೆವು. ಈಗ ಯಾರಿಗೂ ನಾಲ್ಕನೇ ಒಂದು ಪಾಲಿಗಿಂತ ಜಾಸ್ತಿ ಕೊಡುವುದಿಲ್ಲ, ಎಷ್ಟು ಒಳ್ಳೆಯವರಾದರೂ.

ಇನ್ನೊಂದು. ಕಚೇರಿಯ ಕಾಗದ ಮಲಯಾಳದಲ್ಲಿ ಬಂದರೆ ಅರ್ಥ ಆಗದೆ ಸಹಿ ಹಾಕಬೇಡ. ಕನ್ನಡದಲ್ಲಿ ಕೇಳು, ಇಲ್ಲಿ ನಮಗೆ ಆ ಹಕ್ಕು ಉಂಟು. ನಾನು ನಾಚಿಕೆಯಿಂದ ಸುಮ್ನೆ ಸಹಿ ಹಾಕಿ ಒಂದು ಸಬ್ಸಿಡಿ ಕಳೆದುಕೊಂಡಿದ್ದೇನೆ.

ಆ ನಾಲ್ಕು ಅಕ್ಕಂದಿರಿಗೂ ಈಗಲೇ ಹೇಳು. ಕೆಲಸ ಹೋಗುವುದಾದರೆ ಅವರಿಗೆ ಬೇರೆ ಹುಡುಕಲು ಸಮಯ ಬೇಕು. ಅವರಿಗೆ ನಿನಗಿಂತ ಮೊದಲೇ ಗೊತ್ತಾಗಿರುತ್ತದೆ, ಕಟ್ಟು ಹೊರಗೆ ಹೋಗದ್ದನ್ನು ಅವರು ದಿನಾ ನೋಡುತ್ತಿದ್ದಾರಲ್ಲ.

ಹೊಸೂರು ಜಾಬ್‌ವರ್ಕ್:

ನನ್ನ ಮಾತು ಸ್ವಲ್ಪ ಒರಟು ಅನಿಸಬಹುದು, ಬೇಜಾರು ಮಾಡ್ಕೋಬೇಡಿ. ಹೊಸೂರಿನಲ್ಲಿ ನನಗೆ ಕಂಪ್ಯೂಟರಿನಿಂದ ಓಡುವ ಎರಡು ಸಿಎನ್‌ಸಿ ಮೆಷಿನ್ ಇತ್ತು, ವಾಹನದ ಬಿಡಿಭಾಗ ಮಾಡುತ್ತಿದ್ದೆ. 2019ರಲ್ಲಿ ಗಾಡಿ ಮಾರಾಟ ಬಿದ್ದಾಗ ನಮಗೆ ಬರುವ ಕೆಲಸ ಅರ್ಧಕ್ಕೆ ಇಳಿಯಿತು. ಎಲ್ಲರೂ ತಡ್ಕೊ ತಡ್ಕೊ ಅಂದರು. ತಡ್ಕೊಳ್ಳೋದು ಅಂದ್ರೆ ಏನು ಅಂತ ಯೋಚನೆ ಮಾಡಲಿಲ್ಲ, ಮನೆ ಪತ್ರ ಅಡ ಇಟ್ಟೆ. ಆ ದುಡ್ಡಲ್ಲಿ ಹದಿನಾಲ್ಕು ತಿಂಗಳು ಓಡಿಸಿದೆ. ಮೆಷಿನ್ ಹೋಯಿತು, ಮನೆ ಉಳಿಸಿಕೊಳ್ಳೋಕೆ ತಮ್ಮನ ಹತ್ತಿರ ಕೈಚಾಚಬೇಕಾಯಿತು. ಅವನು ಕೊಟ್ಟ, ಆದರೆ ನಾವಿಬ್ಬರೂ ಮೊದಲಿನ ಹಾಗೆ ಕೂತು ಮಾತಾಡಿ ಐದು ವರ್ಷ ಆಯ್ತು.

ಅದಕ್ಕೇ ಹೇಳೋದು, ಒಂದು ತಾರೀಕು ಹಾಕಿ. ಡಿಸೆಂಬರ್ 31 ಅಂತ ಇಟ್ಟುಕೊಳ್ಳಿ. ಅಲ್ಲಿವರೆಗೆ ಇಷ್ಟು ತಟ್ಟೆ ಊರಲ್ಲೇ ಮಾರಿದರೆ ಮುಂದುವರಿಸೋದು, ಇಲ್ಲದಿದ್ದರೆ ಮೆಷಿನ್ ಮಾರಿ ಸಾಲಕ್ಕೆ ಕಟ್ಟೋದು. ಮೆಷಿನ್ ಚೆನ್ನಾಗಿ ಓಡ್ತಿರುವಾಗ ಮಾರಿದರೆ ಬೆಲೆ ಬರುತ್ತೆ. ಇನ್ನು ಬಂಗಾರ ಬೇಡ, ಮನೆ ಪತ್ರ ಬೇಡ, ಅಪ್ಪನ ತೋಟ ಬೇಡವೇ ಬೇಡ. ಇವತ್ತೇ ಅದನ್ನು ಬರೆದು ಹೆಂಡತಿ ಕೈಲಿ ಕೊಡಿ, ಯಾಕಂದ್ರೆ ನವೆಂಬರ್‌ನಲ್ಲಿ ನಿಮ್ಮ ಮನಸ್ಸು ನಿಮ್ಮ ಮಾತು ಕೇಳಲ್ಲ.

ನಾನೀಗ ಬೇರೆಯವರ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಒಂದು ಹಳೇ ಲೇತ್ ತಗೊಂಡು ಸಂಜೆ ಹೊತ್ತು ರಿಪೇರಿ ಕೆಲಸ ಶುರು ಮಾಡಿದ್ದೀನಿ. ಸಾಲ ಇಲ್ಲ.

ಮುಳ್ಳೇರಿಯ ಎಣ್ಣೆಮಿಲ್ಲು:

ಹೊಸೂರಿನವರ ಮಾತಿಗೆ ಒಂದು ಸೇರಿಸುತ್ತೇನೆ. ತಾರೀಕು ಸರಿ, ಆದರೆ ಹಾಳೆಯವರಿಗೆ ಡಿಸೆಂಬರ್ ಬೇಡ. ಹೊಸ ಹಾಳೆ ಬೀಳಲು ಶುರುವಾಗುವುದೇ ಆಗ, ಮದುವೆ, ಕೋಲ, ಬ್ರಹ್ಮಕಲಶ ಎಲ್ಲ ಅದರ ನಂತರ. ಮಾರ್ಚ್ ಕೊನೆ ಇಡಿ, ಬ್ಯಾಂಕು ಕಂತು ಇಳಿಸಿದರೆ ಮಾತ್ರ. ಇಳಿಸದಿದ್ದರೆ ಡಿಸೆಂಬರೇ ಸರಿ.

ಪೆರ್ಲದ ಹಾಳೆತಟ್ಟೆ:

ಎಲ್ಲರಿಗೂ ಉತ್ತರ ಬರೆಯಲು ನಾಲ್ಕು ದಿನ ಆಯಿತು. ಮೊನ್ನೆ ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಹೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಬಳೆ ಎಷ್ಟಕ್ಕೆ ಇಟ್ಟೆ ಅಂತ ಕೇಳಿದರು, ಅಷ್ಟೇ. ಬೆಳಿಗ್ಗೆ ನೋಡಿದರೆ ಮುಟ್ಟಾಳೆ (ಹಾಳೆಯ ಟೊಪ್ಪಿ) ಹಾಕಿಕೊಂಡು ಶೆಡ್ಡಿನ ಹಿಂದೆ ಹಂಚು ಸರಿ ಮಾಡುತ್ತಿದ್ದರು, ತಟ್ಟೆ ಇಟ್ಟ ಕಡೆಗೆ ನೀರು ಇಳಿಯುತ್ತಿತ್ತಂತೆ.

ನೋಟ್‌ಬುಕ್ ಲೆಕ್ಕ ಮಾಡಿದೆವು. ಮೂರು ತಿಂಗಳು ಬಂತು. ಅಕ್ಕಂದಿರಿಗೂ ಹೇಳಿದೆ. ಇಬ್ಬರು ಸದ್ಯ ತೋಟದ ಕೆಲಸಕ್ಕೆ ಹೋಗುತ್ತೇವೆ, ಕರೆದರೆ ಬರುತ್ತೇವೆ ಅಂದರು. ಬದಿಯಡ್ಕ, ನೀರ್ಚಾಲು ಕಡೆಯ ಅಡುಗೆಯವರನ್ನು ನಾಳೆಯಿಂದ ಒಬ್ಬೊಬ್ಬರನ್ನೇ ನೋಡಬೇಕು. ಇಷ್ಟು ದಿನ ಎಕ್ಸ್‌ಪೋರ್ಟ್ ಇದೆ ಅಂತ ನಾನು ಅವರ ಬಾಗಿಲಿಗೇ ಹೋಗಿರಲಿಲ್ಲ. ಸೋಮವಾರ ಬ್ಯಾಂಕ್.

ಉಪ್ಪಳದಕ್ಕ, ಉದ್ಯಮ್ ಸರ್ಟಿಫಿಕೇಟ್ 2023ರ ಜನವರಿಯದ್ದು ಇದೆ, ಅವರಿಗೆ ಮಾಲು ಕೊಟ್ಟದ್ದು ಅದರ ನಂತರವೇ. ಆದರೆ ಎರಡು ಬಿಲ್ಲಿಗೆ ಅವರ ಸಹಿ ಇಲ್ಲ, ವಾಟ್ಸಾಪಿನಲ್ಲಿ ಮಾಲು ಸಿಕ್ಕಿತು ಅಂತ ಬರೆದದ್ದು ಮಾತ್ರ ಇದೆ. ಅದು ಸಾಕಾಗುತ್ತದಾ?

ಉಪ್ಪಳದಕ್ಕ:

ಇದ್ದದ್ದನ್ನೆಲ್ಲ ಹಾಕು. ಆ ಮೆಸೇಜು ತಾರೀಕು, ನಂಬರು ಕಾಣುವ ಹಾಗೆ ಪ್ರಿಂಟ್ ತೆಗೆದಿಡು, ಫೋನ್ ಬದಲಿಸಬೇಡ. ಲಾರಿಯಲ್ಲಿ ಕಳಿಸಿದ್ದರೆ ಬಾಡಿಗೆಯ ರಸೀದಿ ಹುಡುಕು. ನಾನು ಬರೆದ ಕಾಗದದ ಪ್ರತಿ ಇದೆ, ಹೆಸರು ತೆಗೆದು ನಿನಗೆ ಕಳಿಸುತ್ತೇನೆ. ಭಾನುವಾರದೊಳಗೆ ನಿನ್ನ ಬಿಲ್ಲುಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಇಟ್ಟುಕೋ.