ಇ-ಟೆಂಡರ್ ಬಂದ ಮೇಲೆ ಧಾರಣೆ ಏರಿದ್ದನ್ನು ಉತ್ಪಾದಕತೆಯ ಏರಿಕೆ ಎನ್ನಬಹುದೇ?

ಪ್ರಶ್ನೆ: ಅರ್ಥಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಮಾಹಿತಿ ತಂತ್ರಜ್ಞಾನ ಮತ್ತು ಉತ್ಪಾದಕತೆಯ ಕುರಿತ ಕಿರುಪ್ರಬಂಧಕ್ಕೆ ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಿಸಿಕೊಂಡಿದ್ದೇನೆ. 2014ರ ಫೆಬ್ರವರಿಯಲ್ಲಿ ಆರಂಭವಾದ ಈ ವ್ಯವಸ್ಥೆಯು ಎಪಿಎಂಸಿಗಳ ಟೆಂಡರನ್ನು ಕಂಪ್ಯೂಟರಿಗೆ ತಂದಿದ್ದಲ್ಲದೆ, ಒಂದೇ ಪರವಾನಗಿಯಲ್ಲಿ ರಾಜ್ಯದ ಹಲವು ಮಾರುಕಟ್ಟೆಗಳಲ್ಲಿ ಖರೀದಿಸುವ ಅವಕಾಶವನ್ನೂ ವರ್ತಕರಿಗೆ ಕೊಟ್ಟಿತು. ರೆಟ್ಸೆಫ್ ಲೆವಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇದರಿಂದ ಭತ್ತದ ಮಾದರಿ ಧಾರಣೆ (ಅಂದರೆ ಹೆಚ್ಚಿನ ವಹಿವಾಟು ನಡೆದ ದರ) ಶೇ 5.1, ಶೇಂಗಾದ್ದು ಶೇ 3.6, ಮೆಕ್ಕೆಜೋಳದ್ದು ಶೇ 3.5ರಷ್ಟು ಹೆಚ್ಚಿತು; ಹತ್ತಿ, ಹೆಸರು ಮತ್ತು ತೊಗರಿಯಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ಧಾರಣೆ ಏರಿತೆಂದರೆ ಖರೀದಿದಾರನ ಜೇಬಿನ ಹಣ ರೈತನ ಜೇಬಿಗೆ ಬಂತು ಎಂದಷ್ಟೇ ಅರ್ಥವಲ್ಲವೇ? ಅದನ್ನು ಉತ್ಪಾದಕತೆ ಎಂದು ಕರೆಯಲು ಬರುತ್ತದೆಯೇ? ಒಂದೇ ತಂತ್ರಾಂಶ ಭತ್ತಕ್ಕೆ ಫಲಿಸಿ ತೊಗರಿಗೆ ಫಲಿಸದೆ ಹೋದದ್ದೇಕೆ ಎಂಬುದೂ ನನಗೆ ಬಗೆಹರಿದಿಲ್ಲ.

ಉತ್ತರ: ಅರ್ಥಶಾಸ್ತ್ರ ಅಧ್ಯಾಪಕ, ಮೈಸೂರು

ನಿಮ್ಮ ಮೊದಲ ಅನುಮಾನ ಸರಿಯಾಗಿಯೇ ಇದೆ. ಅದೇ ರೈತ ಅಷ್ಟೇ ದುಡಿದು ಅಷ್ಟೇ ಚೀಲ ತಂದು ಹೆಚ್ಚು ಹಣ ಪಡೆದರೆ ಅದು ಹಂಚಿಕೆಯ ಬದಲಾವಣೆ. ಅದು ಸ್ವಾಗತಾರ್ಹವಾದರೂ ಉತ್ಪಾದಕತೆಯ ಖಾತೆಗೆ ಜಮೆಯಾಗುವುದಿಲ್ಲ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ: ಗುಣಮಟ್ಟದ ಮಾಲು ತಂದವರಿಗೆ ಹೆಚ್ಚಿನ ಲಾಭವಾಯಿತು. ಒಣಗಿದ ಕಾಳಿಗೂ ಹಸಿ ಕಾಳಿಗೂ ಬೆಲೆಯಲ್ಲಿ ಅಂತರ ಕಾಣತೊಡಗಿದರೆ ರೈತ ಮುಂದಿನ ಸುಗ್ಗಿಯಲ್ಲಿ ಎರಡು ದಿನ ಹೆಚ್ಚು ಒಣಗಿಸುತ್ತಾನೆ, ಗೋದಾಮಿನಲ್ಲಿ ಬೂಷ್ಟು ಹಿಡಿಯುವುದು ತಗ್ಗುತ್ತದೆ, ಅಷ್ಟೇ ಹೊಲದಿಂದ ಬಳಕೆಗೆ ಬರುವ ಧಾನ್ಯ ಹೆಚ್ಚುತ್ತದೆ. ಅದು ನಿಜವಾದ ಉತ್ಪಾದಕತೆ. ನಿಮ್ಮ ಪ್ರಬಂಧ ಬೆಲೆಯನ್ನು ಬಿಟ್ಟು ಇದರ ಬೆನ್ನು ಹತ್ತಬೇಕು.

ಉತ್ತರ: ದಲಾಲಿ ಅಂಗಡಿಯ ಲೆಕ್ಕಿಗ, ದಾವಣಗೆರೆ ಜಿಲ್ಲೆ

ಸಿದ್ಧಾಂತ ನನಗೆ ತಿಳಿಯದು. ಪ್ರಾಂಗಣದಲ್ಲಿ ಕಂಡದ್ದನ್ನು ಹೇಳುತ್ತೇನೆ. ಮೊದಲು ಖರೀದಿದಾರರು ರಾಶಿಯಿಂದ ರಾಶಿಗೆ ನಡೆದು, ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಸಿಬ್ಬಂದಿ ಪೆಟ್ಟಿಗೆ ತೆರೆದು ಒಂದೊಂದೇ ಲಾಟಿನ, ಅಂದರೆ ರಾಶಿಯ, ಚೀಟಿಗಳನ್ನು ಹೋಲಿಸಿ ಮುಗಿಸುವ ಹೊತ್ತಿಗೆ, ಆವಕ ಹೆಚ್ಚಿದ ದಿನ ಸಂಜೆಯಾಗುತ್ತಿತ್ತು. ಈಗ ಸಮಯ ಮುಗಿದ ಕೆಲವೇ ನಿಮಿಷಗಳಲ್ಲಿ ಯಾವ ಲಾಟು ಯಾರಿಗೆ ಎಂಬುದು ಪರದೆಯ ಮೇಲೆ ಬರುತ್ತದೆ. ಆದರೆ ಹಮಾಲರು ಅಂದು ಎಷ್ಟಿದ್ದರೋ ಇಂದೂ ಅಷ್ಟೇ ಇದ್ದಾರೆ, ತೂಕದ ಸರದಿಯೂ ಹಾಗೆಯೇ ಇದೆ. ಮಧ್ಯಾಹ್ನವೇ ಧಾರಣೆ ತಿಳಿದ ರೈತ ರಾತ್ರಿ ಎಂಟಕ್ಕೆ ತೂಕ ಮುಗಿಸಿಕೊಂಡು ಊರಿಗೆ ಹೊರಡುವುದನ್ನು ನಾನು ಸುಗ್ಗಿಯಲ್ಲಿ ದಿನವೂ ನೋಡುತ್ತೇನೆ.

ದೂರದ ಊರಿನ ವರ್ತಕರ ವಿಷಯವೂ ಅಷ್ಟೇ. ಚೀಲದೊಳಗೆ ಕೈ ಇಳಿಸಿ, ನಾಲ್ಕು ಕಾಳು ಕಡಿದು ತೇವ ನೋಡದೆ ಯಾರೂ ದೊಡ್ಡ ದರ ಹಾಕುವುದಿಲ್ಲ. ಮಾದರಿ ಪರೀಕ್ಷಿಸಿ ಕೊಡುವ ವರದಿಯನ್ನು ನಂಬುವವರು ನಾನು ಕಂಡಂತೆ ಕಡಿಮೆ. ಹೀಗಾಗಿ ನಮ್ಮಲ್ಲಿ ಚೀಟಿ ಹಾಕುತ್ತಿದ್ದವರೇ ಇಂದು ಮೊಬೈಲಿನಲ್ಲಿ ಅಂಕಿ ಹಾಕುತ್ತಾರೆ. ಬಂದ ದರ ಒಪ್ಪದಿರುವ ಹಕ್ಕು ರೈತನಿಗಿದೆ ನಿಜ. ಬೀಜ ಗೊಬ್ಬರಕ್ಕೆ ನಮ್ಮಂಥ ಅಂಗಡಿಯಿಂದಲೇ ಮುಂಗಡ ಪಡೆದವನು ಅದನ್ನು ಚಲಾಯಿಸುವುದು ಅಪರೂಪ. ಇದನ್ನು ದಲಾಲಿ ಅಂಗಡಿಯವನೇ ಹೇಳಬೇಕಾಗಿ ಬಂತು!

ಪ್ರಶ್ನೆ ಕೇಳಿದವರು:

ಹಾಗಾದರೆ ನೀತಿಯ ಪಾತ್ರ ಎಲ್ಲಿದೆ? ಯಂತ್ರದ ಫಲವನ್ನೂ ಪರವಾನಗಿಯ ಫಲವನ್ನೂ ಬೇರ್ಪಡಿಸುವುದು ಹೇಗೆ?

ಉತ್ತರ: ಅರ್ಥಶಾಸ್ತ್ರ ಅಧ್ಯಾಪಕ, ಮೈಸೂರು

ಲೆಕ್ಕಿಗರ ಮಾತಿನಲ್ಲೇ ನಿಮ್ಮ ಉತ್ತರದ ಅರ್ಧಭಾಗವಿದೆ. ಕಂಪ್ಯೂಟರ್ ಎಲ್ಲೆಲ್ಲೂ ಕಾಣುತ್ತದೆ, ಉತ್ಪಾದಕತೆಯ ಅಂಕಿಅಂಶದಲ್ಲಿ ಮಾತ್ರ ಕಾಣುವುದಿಲ್ಲ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೊಲೊ 1987ರಲ್ಲಿ ಆಕ್ಷೇಪಿಸಿದ್ದರು. 1995ರ ಬಳಿಕ ಅಮೆರಿಕದಲ್ಲಿ ಅದು ಕಾಣಿಸಿಕೊಂಡಿತು. ಅಂಥವೇ ಯಂತ್ರಗಳು ಯುರೋಪಿನಲ್ಲಿ ಇದ್ದರೂ ಅಲ್ಲಿ ಆ ಜಿಗಿತ ಬರಲಿಲ್ಲ. ಬ್ಲೂಮ್, ಸಡೂನ್ ಮತ್ತು ವ್ಯಾನ್ ರೀನೆನ್ ಎಂಬ ಅರ್ಥಶಾಸ್ತ್ರಜ್ಞರು ಬ್ರಿಟನ್ನಿನೊಳಗೇ ಹೋಲಿಸಿ ನೋಡಿದಾಗ, ಅಮೆರಿಕನ್ ಒಡೆತನದ ಘಟಕಗಳು ಮಾಹಿತಿ ತಂತ್ರಜ್ಞಾನದಿಂದ ಉಳಿದ ಘಟಕಗಳಿಗಿಂತ ಹೆಚ್ಚು ಫಲ ಪಡೆಯುತ್ತಿದ್ದವು. ನೆಲ ಒಂದೇ, ಕಾನೂನೂ ಒಂದೇ. ಕೆಲಸವನ್ನು ಮರುಜೋಡಿಸುವ ರೀತಿ ಬೇರೆ. ಭತ್ತ ಮತ್ತು ತೊಗರಿಗೆ ತಂತ್ರಾಂಶವೂ ಪರವಾನಗಿಯೂ ಒಂದೇ ಆಗಿದ್ದರಿಂದ, ಅಂತರವನ್ನು ಅವೆರಡರ ಹೊರಗೆ, ಅಂದರೆ ಆಯಾ ಪ್ರಾಂಗಣದಲ್ಲಿ ಎಷ್ಟು ಮಂದಿ ನಿಜವಾಗಿ ಪೈಪೋಟಿ ನಡೆಸುತ್ತಾರೆ, ಮಾಲಿನ ದರ್ಜೆಯನ್ನು ಎಷ್ಟು ನಂಬುತ್ತಾರೆ, ಸಾಗಣೆಗೆ ಏನು ಏರ್ಪಾಡಿದೆ ಎಂಬುದರಲ್ಲಿ ಹುಡುಕಬೇಕು. ಪರವಾನಗಿಯ ನೀತಿ ಬಾಗಿಲನ್ನಷ್ಟೇ ತೆರೆಯಿತು. ನಂಬಿಕೆಗೆ ಅರ್ಹವಾದ ಪರೀಕ್ಷೆಯಿಲ್ಲದೆ ಆ ಬಾಗಿಲಿನಿಂದ ಒಳಬರುವವರು ಕಡಿಮೆ.

ಬೆಲೆಯ ಬದಲು ಗಂಟೆಗಳನ್ನು ಅಳೆಯಿರಿ ಎಂಬುದು ನನ್ನ ಸಲಹೆ. ಗೇಟಿನಲ್ಲಿ ನೋಂದಾಯಿಸಿದ ಸಮಯದಿಂದ ತೂಕದ ಚೀಟಿಯ ಸಮಯದವರೆಗೆ ಒಂದು ಲಾಟು ಎಷ್ಟು ಹೊತ್ತು ಕಾಯಿತು ಎಂಬುದನ್ನು 2014ರ ಮೊದಲಿನ ದಾಖಲೆಗಳೊಡನೆ ಹೋಲಿಸಲು ಸಾಧ್ಯವೇ ನೋಡಿ.

ಉತ್ತರ: ದಲಾಲಿ ಅಂಗಡಿಯ ಲೆಕ್ಕಿಗ, ದಾವಣಗೆರೆ ಜಿಲ್ಲೆ

ನಮ್ಮ ಅಂಗಡಿಯ ಅಟ್ಟದ ಮೇಲೆ 2011ರಿಂದೀಚಿನ ತೂಕದ ಪಟ್ಟಿಗಳ ಕಟ್ಟುಗಳಿವೆ. ಅವುಗಳಲ್ಲಿ ಸಮಯ ಬರೆದಿರುವುದು ಕೆಲವಕ್ಕೆ ಮಾತ್ರ, ಇಲಿ ಕಡಿದವೂ ಇವೆ. ಮಾಲೀಕರನ್ನು ಕೇಳಿ ಒಪ್ಪಿಗೆ ಪಡೆಯುತ್ತೇನೆ. ನೀವು ಬರುವುದಾದರೆ ಸುಗ್ಗಿ ಮುಗಿದ ಮೇಲೆ ಬನ್ನಿ; ಈಗ ಕುಳಿತುಕೊಳ್ಳಲೂ ಜಾಗವಿಲ್ಲ.