ಕೆರೆ ಅಂಚಲ್ಲಿ ಓಡಾಡುವ ಈ ಪುಟ್ಟ ಹಕ್ಕಿ ಯಾವುದು?

ಪ್ರಶ್ನೆ: ನಮ್ಮೂರ ಕೆರೆ ಬತ್ತುತ್ತಾ ಬಂದಿದೆ. ಗುಬ್ಬಿಗಿಂತ ಸ್ವಲ್ಪ ದೊಡ್ಡ ಹಕ್ಕಿಯೊಂದು ಕೆಸರಲ್ಲಿ ಸರಸರ ಓಡಿ, ತಟ್ಟನೆ ನಿಂತು, ನೆಲ ಕುಕ್ಕಿ ಮತ್ತೆ ಓಡುತ್ತದೆ. ಬೆನ್ನು ಮಣ್ಣಿನ ಬಣ್ಣ, ಹೊಟ್ಟೆ ಬಿಳಿ, ಎದೆ ಮೇಲೆ ಕಪ್ಪು ಪಟ್ಟಿ. ಯಾವುದಿದು?

ಉತ್ತರ 1: ಕಣ್ಣಿನ ಸುತ್ತ ಹಳದಿ ಉಂಗುರ ಇದೆಯಾ ನೋಡಿ. ಇದ್ದರೆ ಲಿಟಲ್ ರಿಂಗ್ಡ್ ಪ್ಲೋವರ್. ಉದ್ದ ಸುಮಾರು 15-17 ಸೆಂ.ಮೀ. ಅಷ್ಟೇ.

ಉತ್ತರ 2: ಕೆಂಟಿಷ್ ಪ್ಲೋವರ್ ಕೂಡ ಹೀಗೇ ಕಾಣುತ್ತದೆ, ಆದರೆ ಅದರ ಎದೆಪಟ್ಟಿ ನಡುವೆ ತುಂಡಾಗಿರುತ್ತದೆ, ಕಾಲು ಕಪ್ಪಗಿರುತ್ತದೆ, ಹಳದಿ ಉಂಗುರ ಇರಲ್ಲ.

ಪ್ರಶ್ನೆ ಕೇಳಿದವರು: ಉಂಗುರ ಇದೆ! ಎದೆಪಟ್ಟಿನೂ ಪೂರ್ತಿ ಇದೆ. ಇಲ್ಲೇ ಗೂಡು ಕಟ್ಟುತ್ತದಾ?

ಉತ್ತರ 3: ಕಟ್ಟುವುದೇನಿಲ್ಲ, ಹೊಳೆದಂಡೆ ಅಥವಾ ಒಣಗಿದ ಕೆರೆಯಂಗಳದ ಜಲ್ಲಿ, ಮರಳಿನಲ್ಲಿ ಸಣ್ಣ ಗುಳಿ ಮಾಡಿ ಸುಮ್ನೆ ಬಯಲಲ್ಲೇ ಮೊಟ್ಟೆ ಇಡುತ್ತದೆ. ಚುಕ್ಕೆ ಚುಕ್ಕೆ ಮೊಟ್ಟೆ, ಪಕ್ಕದ ಕಲ್ಲಿಗೂ ಅದಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ. ಹಕ್ಕಿ ರೆಕ್ಕೆ ಮುರಿದಂತೆ ಎಳೆಯುತ್ತಾ ಹೋದರೆ ಮೊಟ್ಟೆಯೋ ಮರಿಯೋ ಹತ್ತಿರದಲ್ಲೇ ಇದೆ ಅಂತ ಅರ್ಥ. ದಯವಿಟ್ಟು ಫೋಟೊಗೆ ಅಂತ ಮುಂದೆ ಹೋಗಬೇಡಿ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಬೈಕನ್ನಂತೂ ಕೆರೆಯಂಗಳಕ್ಕೆ ಇಳಿಸಲೇಬೇಡಿ.