ಗಮನ ನಿಲ್ಲದ ಕುದುರೆಗೆ ಶಾಂತ ಮಾಡೋ (ಕಾಮಿಂಗ್) ಪೌಡರ್ ಕೊಡ್ಬೋದಾ?

ಚಿಂತಾಮಣಿ_ಸವಾರ:
ಎಲ್ರಿಗೂ ನಮಸ್ಕಾರ. ಚಿಂತಾಮಣಿ ಹತ್ರ ನಮ್ದೊಂದು ತೋಟ ಇದೆ, ಅಲ್ಲೇ ಒಂದು ಹೆಣ್ಣು ಕುದುರೆ ಸಾಕಿದೀನಿ. ಥರೋಬ್ರೆಡ್, ಬೆಂಗಳೂರಲ್ಲಿ ರೇಸ್ ಓಡಿ ರಿಟೈರ್ ಆಗಿರೋದು, ವಯಸ್ಸು 7, ತೂಕ ಅಂದಾಜು 450 ಕೆಜಿ, ಹೆಸರು ಕಾವೇರಿ. ಸ್ವಭಾವ ಅಂದ್ರೆ ಬಂಗಾರ, ಕಚ್ಚಲ್ಲ ಒದೆಯಲ್ಲ, ಮನೆ ಮಕ್ಕಳು ಮೈ ಉಜ್ಜಿದ್ರೂ ಸುಮ್ನೆ ನಿಂತಿರ್ತಾಳೆ. ಆದ್ರೆ ಮೇಲೆ ಹತ್ತಿದ್ ತಕ್ಷಣ ಗಮನ ಎಲ್ಲಾ ಆಚೆ ಕಡೆ. ಪಕ್ಕದ ಟೊಮೇಟೊ ಹೊಲದಲ್ಲಿ ಮಲ್ಚಿಂಗ್ ಪೇಪರ್ (ಮಣ್ಣಿಗೆ ಹೊದಿಸೋ ಪ್ಲಾಸ್ಟಿಕ್ ಹಾಳೆ) ಅಂಚು ಹರಿದು ಗಾಳಿಗೆ ಪಟಪಟ ಅಂತಿರತ್ತೆ, ಬದು ಮೇಲೆ ಅಲ್ಲಿಗೆ ಬಂದ್ಳು ಅಂದ್ರೆ ಮುಗೀತು, ತಲೆ ಎತ್ತಿ ಎರಡೂ ಕಿವಿ ಅತ್ಲಾಗೇ ನೆಟ್ಟು ಮೂಗಿನ ಹೊಳ್ಳೆ ಅರಳಿಸ್ಕೊಂಡು ಕಲ್ಲಿನ ಹಾಗೆ ನಿಂತ್ಬಿಡ್ತಾಳೆ, ನನ್ ಕಾಲಿಗೆ ಅವಳ ಎದೆ ಬಡಿತ ಗೊತ್ತಾಗತ್ತೆ, ಆಮೇಲೆ ಒಂದೇ ಸಲ ಪಕ್ಕಕ್ಕೆ ಹಾರ್ತಾಳೆ. ದೂರದ ಕ್ವಾರಿಲಿ ಬ್ಲಾಸ್ಟ್ ಆದ್ರಂತೂ ಕೇಳೋದೇ ಬೇಡ.

ಆನ್‌ಲೈನಲ್ಲಿ ಮೆಗ್ನೀಷಿಯಂ, ಟ್ರಿಪ್ಟೊಫಾನ್ (ಒಂದು ಅಮೈನೊ ಆಸಿಡ್), ವೆಲೇರಿಯನ್ ಗಿಡದ ಬೇರು ಅಂತ ಏನೇನೋ ಪೌಡರ್ ಸಿಗ್ತಿದೆ. ಒಂದು ಮೆಗ್ನೀಷಿಯಂ ಡಬ್ಬ ತರಿಸಿಟ್ಟಿದೀನಿ, ಇನ್ನೂ ಓಪನ್ ಮಾಡಿಲ್ಲ. ಈಗ ಕೊಡ್ತಿರೋದು ದಿನಕ್ಕೆ 5 ಕೆಜಿ ಓಟ್ಸ್ ಮತ್ತೆ ಹುರುಳಿ, ಜೊತೆಗೆ ಗೋಧಿ ಬೂಸಾ, ಎರಡು ಹೊತ್ತು ಸೂಪರ್ ನೇಪಿಯರ್ ಹುಲ್ಲು. ಸವಾರಿ ಶನಿವಾರ ಭಾನುವಾರ ಮಾತ್ರ. ಮುಂದಿನ ವರ್ಷ ಬೆಂಗಳೂರಲ್ಲಿ ಚಿಕ್ಕ ಜಂಪಿಂಗ್ ಸ್ಪರ್ಧೆಗೆ ಇಳಿಸೋ ಆಸೆ ಇದೆ. ಬಳಸಿ ನೋಡಿರೋರು ಹೇಳಿ ಪ್ಲೀಸ್.

ಕುಣಿಗಲ್_ಲಾಯ:
ಅಣ್ಣಾ, ಡಬ್ಬ ಪಕ್ಕಕ್ಕಿಡಿ, ಮೊದಲು ಬಕೆಟ್ ನೋಡೋಣ. ಕುಣಿಗಲ್ ಸ್ಟಡ್ ಫಾರ್ಮ್ ಟಿಪ್ಪು ಕಾಲದಿಂದ ಇರೋದು, ನಮ್ ಕಡೆ ಸುಮಾರು ಮನೆಗಳಲ್ಲಿ ಕುದುರೆ ಕೆಲಸ ಮಾಡಿದೋರು ಸಿಗ್ತಾರೆ, ನಾನೂ ಅದೇ ಲಾಯದ ವಾಸನೇಲಿ ಬೆಳೆದೋನು. ರೇಸ್ ಕುದುರೆಗೆ ದಿನಾ ಬೆಳಗ್ಗೆ ವರ್ಕ್ ಇರತ್ತೆ ಅಂತ ಅಷ್ಟು ದಾಣಿ ಹಾಕ್ತಾರೆ. ನೀವು ವಾರಕ್ಕೆ ಎರಡು ದಿನ ಹತ್ತಿ ಅದೇ 5 ಕೆಜಿ ಹಾಕಿದ್ರೆ ಆ ಶಕ್ತಿ ಎಲ್ಲಿಗೆ ಹೋಗ್ಬೇಕು ಹೇಳಿ? ಕಿವಿಗೆ, ಕಾಲಿಗೆ, ಹಾರೋದಕ್ಕೆ.

ಕುದುರೆ ಹೊಟ್ಟೇಲಿ ಆಸಿಡ್ ನಮ್ ಥರ ಊಟದ ಹೊತ್ತಿಗೆ ಬರೋದಲ್ಲ, ದಿನ ಪೂರ್ತಿ ಉತ್ಪತ್ತಿ ಆಗ್ತಾನೇ ಇರತ್ತೆ. ಅಗೀತಾ ಇದ್ರೆ ಜೊಲ್ಲು ಹೋಗಿ ಅದನ್ನ ತಣಿಸತ್ತೆ. ಎರಡು ಹೊತ್ತು ಮಾತ್ರ ಹುಲ್ಲು ಹಾಕಿ ಮಧ್ಯ ಖಾಲಿ ಬಿಟ್ರೆ ಹೊಟ್ಟೆ ಉರೀತದೆ, ಹುಣ್ಣಾಗ್ತದೆ, ರೇಸ್‌ನಿಂದ ಬಂದಿರೋ ಕುದುರೆಗಳಲ್ಲಿ ಇದು ತುಂಬಾನೇ ಜಾಸ್ತಿ. ಹೊಟ್ಟೆ ಉರೀತಿರೋ ಪ್ರಾಣಿ ಹೇಗೆ ನೆಮ್ಮದಿಯಾಗಿರತ್ತೆ. ಒಣ ಹುಲ್ಲು ತೂಕದ ನೂರಕ್ಕೆ ಎರಡು ಭಾಗ ಅಂತ ಲೆಕ್ಕ ಹಾಕಿ, ನಿಮ್ ಕುದುರೆಗೆ ದಿನಕ್ಕೆ 9 ಕೆಜಿ ಹತ್ರ ಬೇಕು, ಬಲೆಗೆ ತುಂಬಿ ಕಟ್ಟಿ, ರಾತ್ರಿನೂ ಅಗೀತಿರ್ಲಿ. ನಿಮ್ ಕಡೆ ರಾಗಿ ಹುಲ್ಲಿಗೆ ಬರ ಇಲ್ವಲ್ಲ, ಅದನ್ನೂ ಸೇರಿಸಿ. ದಾಣಿ ಒಂದೇ ದಿನ ಕಟ್ ಮಾಡ್ಬೇಡಿ, 10 ದಿನದಲ್ಲಿ ಸ್ವಲ್ಪ ಸ್ವಲ್ಪ ಇಳಿಸಿ, ಇಲ್ಲಾಂದ್ರೆ ಹೊಟ್ಟೆ ನೋವು ಬರತ್ತೆ.

ಇನ್ನೊಂದು, ಬೂಸಾ ಪ್ಲಸ್ ನೇಪಿಯರ್ ಕಾಂಬಿನೇಷನ್ ನಂಗೆ ಸರಿ ಕಾಣ್ತಿಲ್ಲ. ಬೂಸಾದಲ್ಲಿ ರಂಜಕ ಜಾಸ್ತಿ ಕ್ಯಾಲ್ಸಿಯಂ ಕಮ್ಮಿ, ನೇಪಿಯರಲ್ಲಿರೋ ಆಕ್ಸಲೇಟು ಅನ್ನೋ ಅಂಶ ಇದ್ದ ಕ್ಯಾಲ್ಸಿಯಂನೂ ಹಿಡಿದಿಟ್ಕೊಳತ್ತೆ, ಹಸು ತಡ್ಕೊಳತ್ತೆ ಕುದುರೆ ತಡ್ಕೊಳಲ್ಲ, ವರ್ಷಗಟ್ಲೆ ಹಾಗೇ ಹೋದ್ರೆ ಮೂಳೆ ಸವೆದು ಮುಖ ಊದ್ಕೊಳತ್ತೆ. ಬೂಸಾ ನಿಲ್ಸಿ, ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಸ್ವಲ್ಪ ಹಾಕಿ, ಅದ್ರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಹೊಟ್ಟೆಗೂ ತಂಪು.

ಶಿರಾ_ಹುಡ್ಗ:
ಬ್ರೋ ಇಷ್ಟೆಲ್ಲಾ ಯಾಕೆ, ನಮ್ ಕಡೆ ಮದುವೆ ಮೆರವಣಿಗೆಗೆ ಕುದುರೆ ತರೋರು ಹೊರಡೋ ಮುಂಚೆ ಒಂದು ಇಂಜೆಕ್ಷನ್ ಹಾಕ್ತಾರೆ, ಪಟಾಕಿ ಹೊಡೆದ್ರೂ ಅಲ್ಲಾಡಲ್ಲ. ಇಲ್ಲಾಂದ್ರೆ ಅಶ್ವಗಂಧ ಹಾಕಿ, ಆಯುರ್ವೇದ ಅಲ್ವಾ, ಸೈಡ್ ಎಫೆಕ್ಟ್ ಇರಲ್ಲ.

ಕೋಲಾರ_ವೆಟ್:
ದಯವಿಟ್ಟು ಆ ಇಂಜೆಕ್ಷನ್ ಐಡಿಯಾ ಯಾರೂ ತಗೋಬೇಡಿ. ಮಂಪರು ಬರೋ ಔಷಧಿ ಕೊಟ್ಟ ಕುದುರೆಗೆ ಕಾಲು ಸ್ವಾಧೀನದಲ್ಲಿರಲ್ಲ, ಎಡವಿ ಸವಾರನ ಮೇಲೇ ಬೀಳ್ಬೋದು. ಅಸೆಪ್ರೊಮಜಿನ್ ಥರದ ಮಂಪರು ಔಷಧಿ ಗಂಡು ಕುದುರೆಗೆ ಹಾಕಿದ್ರೆ ಶಿಶ್ನ ಒಳಗೆ ಹೋಗದೆ ಹಾಗೇ ನಿಂತು ಶಾಶ್ವತ ತೊಂದರೆ ಆಗೋ ಸಾಧ್ಯತೆನೂ ಇದೆ. ಅದು ಡಾಕ್ಟರ್ ಎದುರಿಗೆ ನಿಂತು ಕೊಡೋ ಔಷಧಿ, ಮೆರವಣಿಗೆಗೆ ಅಲ್ಲ. ಆಯುರ್ವೇದ ಅಂದ್ ಮಾತ್ರಕ್ಕೆ ಅಪಾಯ ಇಲ್ಲ ಅಂತಾನೂ ಅಲ್ಲಪ್ಪ, ಮೈಮೇಲೆ ಕೆಲಸ ಮಾಡೋ ಯಾವ್ದೇ ಗಿಡಮೂಲಿಕೆ ಹೆಚ್ಚುಕಮ್ಮಿನೂ ಮಾಡ್ಬೋದು.

ಈಗ ಸವಾರ್ ಸಾರ್ ಕೇಳಿದ್ದಕ್ಕೆ ಬರ್ತೀನಿ. ಮೆಗ್ನೀಷಿಯಂ ನಿಜವಾಗ್ಲೂ ಕಮ್ಮಿ ಇದ್ರೆ ಕುದುರೆ ಬೆಚ್ಚೋದು, ಮಾಂಸಖಂಡ ನಡುಗೋದು ಆಗತ್ತೆ, ಅಂಥದ್ದಕ್ಕೆ ಕೊಟ್ರೆ ಗುಣ ಕಾಣತ್ತೆ. ಆದ್ರೆ 450 ಕೆಜಿ ಕುದುರೆಗೆ ದಿನಕ್ಕೆ ಬೇಕಾಗಿರೋದು 7 ಗ್ರಾಂ ಆಸುಪಾಸು, ಚೆನ್ನಾಗಿ ಹುಲ್ಲು ತಿನ್ನೋ ಕುದುರೆಗೆ ಅಷ್ಟು ಹುಲ್ಲಲ್ಲೇ ಸಿಕ್ಬಿಡತ್ತೆ. ಮೇಲಿಂದ ಹಾಕಿದ್ದನ್ನ ಕಿಡ್ನಿ ಹೊರಗೆ ಕಳಿಸತ್ತೆ, ಜಾಸ್ತಿ ಆದ್ರೆ ಲದ್ದಿ ತೆಳ್ಳಗಾಗತ್ತೆ. ಟ್ರಿಪ್ಟೊಫಾನ್ ಬಗ್ಗೆ ನಂಗೆ ಭರವಸೆ ಇಲ್ಲ, ಕಮ್ಮಿ ಡೋಸಲ್ಲಿ ಕುದುರೆ ಶಾಂತ ಆಗೋ ಬದ್ಲು ಸ್ವಲ್ಪ ಕೆರಳಿರೋದು ಸಂಶೋಧನೆಲಿ ಕಂಡಿದೆ, ಬಾಯಿಂದ ತುಂಬಾ ಜಾಸ್ತಿ ಕೊಟ್ರೆ ರಕ್ತಕಣ ಒಡೆದು ರಕ್ತಹೀನತೆ ಆಗತ್ತೆ. ವೆಲೇರಿಯನ್ ನೀವು ಮುಟ್ಟಲೇಬೇಡಿ. ಅದರ ವೆಲೇರೆನಿಕ್ ಆಸಿಡ್ ಅಂತರರಾಷ್ಟ್ರೀಯ ಕುದುರೆ ಸವಾರಿ ಫೆಡರೇಷನ್ನಿನ ನಿಷೇಧಿತ ಪಟ್ಟಿಲಿದೆ, ಸ್ಪರ್ಧೆ ಆಸೆ ಇಟ್ಕೊಂಡಿರೋರು ಗಿಡಮೂಲಿಕೆ ಅಂತ ಹಾಕಿ ಡೋಪಿಂಗ್ ಕೇಸಲ್ಲಿ ಸಿಕ್ಕಾಕೊಳೋದು ಬೇಡ.

ಅಗ್ಗ ಆಗತ್ತೆ ಅಂತ ಹಸುವಿನ ಅಥವಾ ಕೋಳಿ ಫೀಡ್, ಅವಕ್ಕೆ ಮಾಡಿರೋ ಸಪ್ಲಿಮೆಂಟ್ ಕುದುರೆ ಬಕೆಟ್ಟಿಗೆ ಹಾಕೋ ಅಭ್ಯಾಸ ನಮ್ ಜಿಲ್ಲೇಲಿ ಇದೆ, ಕೋಳಿ ಫಾರಂ ಹಸು ಕೊಟ್ಟಿಗೆ ಎಲ್ಲಾ ಒಂದೇ ಕಡೆ ಇರೋದ್ರಿಂದ. ಅವುಗಳಲ್ಲಿ ಕೆಲವಕ್ಕೆ ಮೊನೆನ್ಸಿನ್ ಅನ್ನೋ ಔಷಧಿ ಬೆರೆಸಿರ್ತಾರೆ. ಕುದುರೆಗೆ ಅದು ವಿಷ, ಸ್ವಲ್ಪ ಸಾಕು ಹೃದಯದ ಮಾಂಸನೇ ಹಾಳಾಗತ್ತೆ, ಅದಕ್ಕೆ ಪ್ರತಿ ಔಷಧಿ ಇಲ್ಲ. ಇದನ್ನ ದಯವಿಟ್ಟು ನಿಮ್ ಕುದುರೆ ನೋಡ್ಕೊಳೋ ಆಳಿಗೂ ಹೇಳಿ.

ಡಬ್ಬ ತೆಗೆಯೋ ಮುಂಚೆ ನೋವು ಹುಡುಕಿ. ಜೀನು ಬಿಚ್ಚಿ ಬೆನ್ನುಮೂಳೆಯ ಎರಡೂ ಪಕ್ಕ ಭುಜದಿಂದ ಸೊಂಟದವರೆಗೆ ಬೆರಳಲ್ಲಿ ನಿಧಾನಕ್ಕೆ ಒತ್ತುತ್ತಾ ಹೋಗಿ, ಎಲ್ಲಾದ್ರೂ ಬೆನ್ನು ಕುಸಿದ್ರೆ ಅಥವಾ ಚರ್ಮ ಅದುರಿದ್ರೆ ಆ ಜಾಗ ಗುರುತಿಟ್ಕೊಳಿ. ಹೊಟ್ಟೆ ಪಟ್ಟಿ ಬಿಗಿಯೋವಾಗ ಕಿವಿ ಹಿಂದಕ್ಕೆ ಹಾಕ್ತಾಳಾ ನೋಡಿ. ಕಣ್ಣಲ್ಲಿ ನೀರು, ಮಸುಕು ಇದೆಯಾ ನೋಡಿ, ಒಂದೇ ಪಕ್ಕಕ್ಕೆ ಬೆಚ್ಚಿದ್ರೆ ದೃಷ್ಟಿ ಮೇಲೆ ಅನುಮಾನ ಪಡ್ಬೇಕು. ಹೆಣ್ಣಾದ್ರಿಂದ ಬೆದೆ ದಿನಗಳನ್ನೂ ಕ್ಯಾಲೆಂಡರಲ್ಲಿ ಗುರುತು ಹಾಕಿ, 21 ದಿನಕ್ಕೊಂದ್ಸಲ ಬಂದು 5ರಿಂದ 7 ದಿನ ಇರತ್ತೆ, ಚಂಚಲ ಆಗೋ ದಿನಗಳು ಅದಕ್ಕೇ ಹೊಂದಿಕೊಂಡ್ರೆ ಈ ಪೌಡರ್ ಅಲ್ಲ, ಅದಕ್ಕೆ ಚಿಕಿತ್ಸೆನೇ ಬೇರೆ.

ಮಾಲೂರು_ಅಶ್ವಿನಿ:
ವೆಟ್ ಮೇಡಂ ಹೇಳಿದ್ದೆಲ್ಲಾ ಸರಿ, ನಾನು ಟ್ರೇನಿಂಗ್ ಕಡೆಯಿಂದ ಒಂದೆರಡು ಮಾತು ಸೇರಿಸ್ತೀನಿ. ಕುದುರೆಗೆ ಸುತ್ತಲೂ ಹತ್ತಿರ ಹತ್ತಿರ 350 ಡಿಗ್ರಿ ಕಾಣತ್ತೆ, ಮೂಗಿನ ಮುಂದೆ ಸ್ವಲ್ಪ, ಬಾಲದ ಹಿಂದೆ ಸ್ವಲ್ಪ ಬಿಟ್ರೆ. ಎರಡು ಕಿವಿ ಎರಡು ದಿಕ್ಕಿಗೆ ತಿರುಗತ್ತೆ. ಅಂಥ ಪ್ರಾಣಿಗೆ ಅತ್ಲಾಗೆ ನೋಡ್ಬೇಡ ಅನ್ನೋದು ನ್ಯಾಯ ಅಲ್ಲ, ನೋಡ್ಲಿ, ನೋಡಿದ್ಮೇಲೆ ವಾಪಸ್ ನಿಮ್ ಹತ್ರ ಬರೋದನ್ನ ಕಲಿಸ್ಬೇಕು.

ಮಲ್ಚಿಂಗ್ ಪೇಪರಿಗೆ ನಾನು ಮಾಡೋದು ಹೇಳ್ತೀನಿ. ಒಂದು ತುಂಡು ತಂದು ಲಾಯದಿಂದ ದೂರದಲ್ಲಿ ಕಲ್ಲಿಟ್ಟು ಹಾಸಿ. ಹತ್ತಬೇಡಿ, ಕೈಯಲ್ಲಿ ಹಿಡ್ಕೊಂಡು ನಡೆಸಿ. ಕಿವಿ ನೆಟ್ಟಗಾದ ಜಾಗದಲ್ಲೇ ನಿಲ್ಲಿ, ಇನ್ನೊಂದು ಹೆಜ್ಜೆ ಎಳೀಬೇಡಿ. ತಲೆ ಇಳಿಸಿ ಬಾಯಿ ಆಡಿಸಿ ಉಸಿರು ಬಿಟ್ಟ ತಕ್ಷಣ ನೀವೇ ತಿರುಗಿಸ್ಕೊಂಡು ಹಿಂದಕ್ಕೆ ಬನ್ನಿ. ಶಾಂತವಾಗಿದ್ರೆ ದೂರ ಹೋಗೋಕೆ ಸಿಗತ್ತೆ ಅನ್ನೋದು ಅವಳಿಗೆ ಅರ್ಥ ಆಗ್ಬೇಕು, ಹಾರಿದ್ರೆ ಸಿಗೋದಲ್ಲ. ದಿನಾ ಸ್ವಲ್ಪ ಹೊತ್ತು ಮಾಡಿ ಸಾರ್, ವಾರದ ಕೊನೆಗೆ ಎರಡು ಗಂಟೆ ಮಾಡೋದಕ್ಕಿಂತ ದಿನಾ ಕಾಲು ಗಂಟೆ ಎಷ್ಟೋ ಮೇಲು. ಮೇಲೆ ಹತ್ತಿದಾಗ ಸುಮ್ನೆ ನೇರ ಹೋಗ್ಬೇಡಿ, ನಡಿಗೆ, ನಿಲ್ಲೋದು, ಎಂಟರ ಆಕಾರ, ಟ್ರಾಟ್ (ನಿಧಾನ ಓಟ), ಮತ್ತೆ ನಡಿಗೆ, ಹೀಗೆ ಏನಾದ್ರೂ ಕೇಳ್ತಾ ಇರಿ, ಆಗ ಒಂದು ಕಿವಿ ನಿಮ್ ಕಡೆ ಇರತ್ತೆ.

ಒಂಟಿಯಾಗಿ ಇದಾಳಾ? ರೇಸಲ್ಲಿ ಸಾಲು ಸಾಲು ಲಾಯದಲ್ಲಿ ಇದ್ದೋಳಿಗೆ ತೋಟದಲ್ಲಿ ಒಬ್ಳೇ ಇರೋದು ಭಯ. ಜೊತೆ ಇಲ್ದಿದ್ರೆ ಎಷ್ಟೋ ಕುದುರೆ ಮಲಗೋದೇ ಇಲ್ಲ, ನಿಂತೇ ತೂಕಡಿಸತ್ತೆ, ಗಾಢ ನಿದ್ದೆಗೆ ಕುದುರೆ ಮಲಗಲೇಬೇಕು. ಇನ್ನೊಂದು ಕುದುರೆ ಆಗ್ದಿದ್ರೆ ಕತ್ತೆ ಅಥವಾ ಮೇಕೆನಾದ್ರೂ ಕಣ್ಣಿಗೆ ಕಾಣೋ ಹಾಗೆ ಕಟ್ಟಿ.

ಚಿಂತಾಮಣಿ_ಸವಾರ:
ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ರಿಗೂ ಥ್ಯಾಂಕ್ಸ್. ಬೆಳಗ್ಗೆ ಬೆನ್ನು ಒತ್ತಿ ನೋಡ್ದೆ ಮೇಡಂ, ಎಡಗಡೆ ಜೀನಿನ ಹಿಂಭಾಗ ಕೂರೋ ಜಾಗದಲ್ಲಿ ಒತ್ತಿದ್ರೆ ಬೆನ್ನು ಕೆಳಕ್ಕೆ ಬಿಡ್ತಾಳೆ, ಬಲಗಡೆ ಏನಿಲ್ಲ. ಓಟ್ಸ್ ಇಳಿಸೋಕೆ ಶುರು ಮಾಡಿದೀನಿ, ಬೂಸಾ ನಿಲ್ಸಿದೀನಿ. ಒಬ್ಳೇ ಇರೋದು ನಿಜ, ಮೇಕೆ ತರ್ತೀನಿ. ಆದ್ರೆ ಈ ಮೆಗ್ನೀಷಿಯಂ ಡಬ್ಬ ಏನ್ ಮಾಡ್ಲಿ?

ಕೋಲಾರ_ವೆಟ್:
ಎಡಗಡೆ ನೋವಿದೆ ಅಂದ್ಮೇಲೆ ಡಾಕ್ಟರ್ ನೋಡೋವರೆಗೆ ಜೀನು ಹಾಕ್ಬೇಡಿ, ಕೈಯಲ್ಲಿ ನಡೆಸೋದು ಸಾಕು. ಕುದುರೆ ನೋಡಿ ಅಭ್ಯಾಸ ಇರೋರನ್ನೇ ಕರೆಸಿ, ಹತ್ತಿರದಲ್ಲಿ ಸಿಗ್ದಿದ್ರೆ ಹೆಬ್ಬಾಳದ ವೆಟರಿನರಿ ಕಾಲೇಜಲ್ಲಿ ವಿಚಾರಿಸಿ. ಜೀನೂ ಜೊತೆಗಿರ್ಲಿ, ಒಳಗಿನ ಪ್ಯಾಡ್ ಒಂದ್ ಕಡೆ ಕೂತ್ಬಿಟ್ಟಿದೆಯಾ ನೋಡ್ಬೇಕು. ಹಾಗೇ ಬಾಯಿ ತೆರೆಸಿ ಹಿಂದಿನ ದವಡೆ ಹಲ್ಲು ಕೈಹಾಕಿ ನೋಡೋಕೆ ಹೇಳಿ, ಚೂಪಾದ ಅಂಚಿದ್ರೆ ಕಡಿವಾಣ ಎಳೆದಾಗೆಲ್ಲಾ ಕೆನ್ನೆ ಕೊಯ್ಯತ್ತೆ.

ಡಬ್ಬ ಹಾಗೇ ಇರ್ಲಿ. ಮೇವು ಬದಲಾಗಿ, ಬೆನ್ನು ವಾಸಿಯಾಗಿ, ದಿನಾ ಕೆಲಸ ಶುರುವಾಗಿ ಒಂದೆರಡು ತಿಂಗಳಾದ್ಮೇಲೂ ಹೀಗೇ ಇದ್ರೆ ಲೇಬಲ್ ಫೋಟೋ ಇಲ್ಲಿ ಹಾಕಿ, ಒಂದು ಚಮಚದಲ್ಲಿ ಎಷ್ಟು ಗ್ರಾಂ ಮೆಗ್ನೀಷಿಯಂ ಇದೆ ಅಂತ ನೋಡಿ ಡೋಸ್ ಹೇಳ್ತೀನಿ. ಆಗ ಅದೊಂದನ್ನೇ ಕೊಡಿ, ಜೊತೆಗೆ ಬೇರೇನೂ ಬದಲಾಯಿಸ್ಬೇಡಿ, ಇಲ್ಲಾಂದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ.